ಮೂರನೇ ದಿನದ ಮಧ್ಯಾಹ್ನ

ಕಲಾಪ್ರದರ್ಶನದ ಉದ್ಘಾಟನೆಗೆ ಹೋದವರಿಗೆ ಕಲಾಕೃತಿ ಕಾಣುವುದಿಲ್ಲ, ಬೆನ್ನುಗಳು ಕಾಣುತ್ತವೆ. ದೀಪ ಹಚ್ಚುವವರ ಬೆನ್ನು, ಫೋಟೊ ತೆಗೆಯುವವರ ಬೆನ್ನು, ಹಳೆಯ ಗೆಳೆಯರು ಸಿಕ್ಕಿದ ಖುಷಿಯಲ್ಲಿ ಚಿತ್ರಕ್ಕೇ ಒರಗಿ ನಿಂತು ಮಾತಾಡುವವರ ಬೆನ್ನು. ಮುಖ್ಯ ಅತಿಥಿಗಳು ತಮಗೆ ಕಲೆಯ ಬಗ್ಗೆ ಏನೂ ಗೊತ್ತಿಲ್ಲ ಎಂದು ವಿನಯದಿಂದ ಶುರು ಮಾಡಿ, ಅದನ್ನು ಇಪ್ಪತ್ತು ನಿಮಿಷ ಸಾಬೀತುಪಡಿಸುತ್ತಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಕಾಗದದ ತಟ್ಟೆಯಲ್ಲಿ ಸಮೋಸ. ಏಳು ಗಂಟೆಗೆ ಹಾಲ್ ಖಾಲಿ.

ನನಗೆ ಇಷ್ಟವಾದದ್ದು ಮೂರನೇ ದಿನದ ಮಧ್ಯಾಹ್ನ. ಹೊತ್ತು ಸುಮಾರು ಎರಡೂವರೆ. ಪತ್ರಿಕೆಯಲ್ಲಿ ಬರಬೇಕಾದ ನಾಲ್ಕು ಸಾಲು ಅಷ್ಟರಲ್ಲಿ ಬಂದುಹೋಗಿರುತ್ತದೆ ಅಥವಾ ಇನ್ನು ಬರುವುದಿಲ್ಲ ಎಂದು ಖಚಿತವಾಗಿರುತ್ತದೆ. ಬಾಗಿಲ ಬಳಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಲಾವಿದ ಒಬ್ಬನೇ ಕೂತಿರುತ್ತಾನೆ, ಪಕ್ಕದಲ್ಲಿ ತೊಳೆದು ಬೋರಲು ಹಾಕಿದ ಟಿಫಿನ್ ಡಬ್ಬಿ. ಮುಂದಿನ ಮೇಜಿನ ಮೇಲೆ ಅಭಿಪ್ರಾಯ ಪುಸ್ತಕ, ಅದಕ್ಕೊಂದು ದಾರ ಕಟ್ಟಿದ ಪೆನ್ನು. ಹೊರಗಿನ ಬಿಸಿಲಿಗೆ ಬೇಸತ್ತ ಒಂದು ಜೋಡಿ ಒಳಗೆ ಬರುತ್ತದೆ. ಆಮೇಲೆ ಒಬ್ಬ ನಿವೃತ್ತ ಹಿರಿಯರು, ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್. ಅವರು ಒಂದೊಂದು ಚಿತ್ರದ ಮುಂದೆಯೂ ದೇವಸ್ಥಾನದಲ್ಲಿ ನಿಂತಷ್ಟೇ ಹೊತ್ತು ನಿಂತು, ಕೊನೆಗೆ ಕಲಾವಿದನ ಹತ್ತಿರ ಬಂದು ಸಂಕೋಚದಿಂದ ಕೇಳುತ್ತಾರೆ: "ತಪ್ಪು ತಿಳೀಬೇಡಿ. ಇದರಲ್ಲಿ ಏನು ನೋಡಬೇಕು ಸ್ವಾಮಿ?"

ಸಾರ್ವಜನಿಕ ಗ್ಯಾಲರಿ ಎಂಬ ಸಂಸ್ಥೆ ನಮಗೆ ಯಾಕೆ ಬೇಕು ಎಂಬ ಚರ್ಚೆಯನ್ನು ಈ ಪ್ರಶ್ನೆಯಿಂದ ಶುರು ಮಾಡಬೇಕು ಎಂಬುದು ನನ್ನ ವಾದ. ನಾವು ಹಾಗೆ ಮಾಡಿಲ್ಲ. ಗ್ಯಾಲರಿ ಯಾರ ಸ್ವತ್ತು, ಗೋಡೆ ಯಾರಿಗೆ ಸಿಗಬೇಕು, ಬಾಡಿಗೆ ಎಷ್ಟಿರಬೇಕು ಎಂದು ಬೇಕಾದಷ್ಟು ಜಗಳವಾಡಿದ್ದೇವೆ. ಆ ಪಾಸ್‌ಬುಕ್ ಹಿಡಿದ ಹಿರಿಯರಿಗೆ ಉತ್ತರ ಕೊಡುವ ಹೊಣೆ ಯಾರದು ಎಂದು ಮಾತ್ರ ಯಾರೂ ಕೇಳಿಲ್ಲ.

ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನೇ ತೆಗೆದುಕೊಳ್ಳಿ. ಕರ್ನಾಟಕದ ಮೂರು ತಲೆಮಾರಿನ ಕಲಾವಿದರಲ್ಲಿ ಅಲ್ಲಿ ಒಮ್ಮೆಯಾದರೂ ಮೊಳೆ ಹೊಡೆಯದವರು ಕಡಿಮೆ. ಅದಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ಕೆ. ವೆಂಕಟಪ್ಪನವರು ಮೈಸೂರಿನ ಚಿತ್ರಗಾರರ ಮನೆತನದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಕಲಿತು ಬಂದವರು. ಊಟಿಯ ಮೋಡ, ಮಂಜುಗಳನ್ನು ಜಲವರ್ಣದಲ್ಲಿ ಹಿಡಿದವರು, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪ ಮಾಡಿದವರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ಮದುವೆಯಾಗಲಿಲ್ಲ. ತಮ್ಮ ಚಿತ್ರಗಳನ್ನು ಮಾರಲು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಅರಮನೆಗೆ ಮಾಡಿದ ಕೆಲಸದ ವಿಷಯದಲ್ಲಿ ಅರಮನೆಯ ಮೇಲೇ ನ್ಯಾಯಾಲಯದ ಮೆಟ್ಟಿಲು ಹತ್ತಿದ ಗಟ್ಟಿಗರು. 1965ರಲ್ಲಿ ಅವರು ತೀರಿಕೊಂಡ ಮೇಲೆ, 70ರ ದಶಕದ ನಡುವಿನಲ್ಲಿ ಅವರ ಕೃತಿಗಳಿಗೊಂದು ಮನೆ ಎಂದು ಈ ಕಟ್ಟಡ ತೆರೆಯಿತು. ಒಂದು ಭಾಗದಲ್ಲಿ ಅವರ ಚಿತ್ರಗಳ ಶಾಶ್ವತ ಸಂಗ್ರಹ, ಉಳಿದ ಹಾಲ್‌ಗಳು ಕಡಿಮೆ ಬಾಡಿಗೆಗೆ ಬೇರೆ ಕಲಾವಿದರಿಗೆ. ತನ್ನ ಒಂದು ಚಿತ್ರ ಕೈಬಿಡುವುದಕ್ಕೂ ಹತ್ತು ಸಲ ಯೋಚಿಸುತ್ತಿದ್ದ, ಜನಜಂಗುಳಿಯಿಂದ ದೂರವಿದ್ದ ಮನುಷ್ಯನ ಹೆಸರಿನಲ್ಲಿ ಊರಿನ ಅತ್ಯಂತ ಮುಕ್ತ ಗೋಡೆಗಳು ಎದ್ದವು. ಇದನ್ನು ವೆಂಕಟಪ್ಪನವರು ನೋಡಿದ್ದರೆ ಏನೆನ್ನುತ್ತಿದ್ದರೋ. ಬಹುಶಃ ಇನ್ನೊಂದು ದಾವೆ ಹೂಡುತ್ತಿದ್ದರು.

ಮುಕ್ತ ಎಂದೆ. ಅದರ ಒಳ್ಳೆಯದೂ ಕೆಟ್ಟದ್ದೂ ಒಂದೇ ಬುಟ್ಟಿಯಲ್ಲಿವೆ. ಅರ್ಜಿ ಹಾಕಿದವರಿಗೆ ಸರದಿಯ ಪ್ರಕಾರ ಗೋಡೆ ಸಿಗುವ ಕಡೆ ಎಂಥ ಚಿತ್ರಗಳು ಬರುತ್ತವೆ ಎಂದು ನೋಡಿದವರಿಗೆಲ್ಲ ಗೊತ್ತು. ಅರ್ಧ ಮುಚ್ಚಿದ ಕಣ್ಣಿನ ಬುದ್ಧ, ಓಡುವ ಏಳು ಕುದುರೆ, ಹಂಪಿಯ ಕಲ್ಲಿನ ರಥ, ನೂರಾರು ಬಗೆಯ ಗಣಪತಿ, ಕೊಡ ಹೊತ್ತ ಹಳ್ಳಿಯ ಹೆಣ್ಣು. ಆ ಕೊಡ ಹೊತ್ತವಳನ್ನು ಬರೆದವನ ಊರಿಗೆ ನಲ್ಲಿ ಬಂದು ಇಪ್ಪತ್ತು ವರ್ಷವಾಗಿರುತ್ತದೆ. ಇದನ್ನು ಕಂಡು ಮೂಗು ಮುರಿಯುವವರು ಹೇಳುವುದು: ಸಾರ್ವಜನಿಕರ ಹಣದಲ್ಲಿ ನಡೆಯುವ ಗ್ಯಾಲರಿಗೆ ಗುಣಮಟ್ಟ ಬೇಡವೆ?

ಬೇಕು. ಆದರೆ ಸಾರ್ವಜನಿಕ ಗ್ರಂಥಾಲಯದಲ್ಲಿ ಕಳಪೆ ಕಾದಂಬರಿಗಳಿವೆ ಎಂದು ಯಾರೂ ಅದರ ಬಾಗಿಲು ಮುಚ್ಚಿಸುವುದಿಲ್ಲ. ಕೆಟ್ಟ ಚಿತ್ರಕ್ಕೂ ಗೋಡೆ ಸಿಗುವ ಜಾಗ ಊರಿನಲ್ಲಿ ಒಂದಾದರೂ ಇರಬೇಕು ಎಂದು ನಾನು ನಂಬುತ್ತೇನೆ, ಅದಕ್ಕೆ ಕಾರಣ ಕರುಣೆಯಲ್ಲ. ಬಾಡಿಗೆ ಕೋಣೆಯ ಮಂಚದ ಮೇಲೆ, ಗೋಡೆಗೆ ಒರಗಿಸಿ, ಎರಡಡಿ ದೂರದಿಂದ ತನ್ನ ಕೃತಿಯನ್ನು ನೋಡುತ್ತ ಬೆಳೆದ ಹುಡುಗ ಮೊದಲ ಸಲ ಅದನ್ನು ಇಪ್ಪತ್ತಡಿ ದೂರದಿಂದ ನೋಡುವುದು ಇಂಥ ಹಾಲಿನಲ್ಲಿ. ಮನೆಯಲ್ಲಿ ಭರ್ಜರಿಯಾಗಿ ಕಂಡದ್ದು ಇಲ್ಲಿ ಅಂಚೆಚೀಟಿಯಂತೆ ಕುಗ್ಗಿಹೋಗುವುದನ್ನು ಅವನು ಕಣ್ಣಾರೆ ಕಾಣುತ್ತಾನೆ. ಯಾವ ಮೇಷ್ಟರೂ ಹೇಳಿಕೊಡಲಾಗದ ಪಾಠ ಅದು. ಖಾಸಗಿ ಗ್ಯಾಲರಿ ಆ ಪಾಠಕ್ಕೆ ಜಾಗ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಅದು ಮಾರಾಟವಾಗುವುದನ್ನು ಆರಿಸುತ್ತದೆ, ಅದು ಅದರ ಕಸುಬು.

ಹಾಗೆಂದು ಸರದಿಯನ್ನು ವಿಪರೀತ ಹೊಗಳುವುದೂ ಬೇಡ. ರೇಷನ್ ಅಂಗಡಿಯ ಕ್ಯೂ ನ್ಯಾಯದ ವ್ಯವಸ್ಥೆ ನಿಜ, ಆದರೆ ಅಕ್ಕಿ ಹೇಗಿದೆ ಎಂದು ಕ್ಯೂ ನೋಡುವುದಿಲ್ಲ. ಬುಕಿಂಗ್ ರಿಜಿಸ್ಟರೇ ಕ್ಯುರೇಟರ್ ಆದಾಗ ಒಂದು ವಾರ ರಂಗೋಲಿ ಪ್ರದರ್ಶನ, ಮರುವಾರ ವಿಡಿಯೊ ಕಲೆ, ಅದರ ಮರುವಾರ ಯಾವುದೋ ಶಾಲೆಯ ವಾರ್ಷಿಕೋತ್ಸವದ ಚಿತ್ರಗಳು ಬರುತ್ತವೆ. ಒಂದಕ್ಕೂ ಇನ್ನೊಂದಕ್ಕೂ ಮಾತೇ ಇರುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ಕ್ಯೂ ಎಲ್ಲರಿಗೂ ಸಮ ಎನ್ನುತ್ತೇವೆ. ರಾಯಚೂರಿನಿಂದ ಬರುವವನಿಗೆ ಅದು ಸಮವಲ್ಲ. ಅವನು ಚೌಕಟ್ಟು ಹಾಕಿಸಬೇಕು, ಚಿತ್ರಗಳನ್ನು ಗೋಣಿತಾಟಿನಲ್ಲಿ ಸುತ್ತಿ ಬಸ್ಸಿನ ಟಾಪಿನಲ್ಲೋ ಲಗೇಜ್ ಆಟೊದಲ್ಲೋ ಸಾಗಿಸಬೇಕು, ಆಹ್ವಾನ ಪತ್ರಿಕೆ ಅಚ್ಚು ಹಾಕಿಸಬೇಕು, ವಾರವಿಡೀ ಮೆಜೆಸ್ಟಿಕ್ಕಿನ ಲಾಡ್ಜಿನಲ್ಲಿ ಕೋಣೆ ಹಿಡಿಯಬೇಕು, ಉದ್ಘಾಟನೆಯ ಸಮೋಸಕ್ಕೂ ಅವನೇ ದುಡ್ಡು ಕೊಡಬೇಕು. ಒಂದು ಚಿತ್ರವೂ ಮಾರಾಟವಾಗದಿದ್ದರೆ ಅದೇ ಗೋಣಿತಾಟು, ಅದೇ ಬಸ್ಸು. ಪ್ರೇಕ್ಷಕನಿಗೆ ಪುಕ್ಕಟೆಯಾಗಿ ಸಿಗುವ ಪ್ರದರ್ಶನದ ಖರ್ಚನ್ನು ಹೊರುವವರು ಸರ್ಕಾರವಲ್ಲ, ಈ ಹುಡುಗ. ಸಾರ್ವಜನಿಕ ಎಂಬ ಮಾತಿನ ಭಾರವೆಲ್ಲ ಅವನ ಬೆನ್ನ ಮೇಲಿದೆ. ಗೋಡೆಯ ಬಾಡಿಗೆ ಕಡಿಮೆಯಿದೆ ಎಂದು ಬೀಗುವ ಮೊದಲು ಈ ಲೆಕ್ಕವನ್ನೂ ಒಮ್ಮೆ ಕೂಡಿಸಿ ನೋಡಬೇಕು.

ಮುಂಬಯಿಯ ಜಹಾಂಗೀರ್ ಆರ್ಟ್ ಗ್ಯಾಲರಿ ನೆನಪಾಗುತ್ತದೆ. 1952ರಲ್ಲಿ ಅದು ಎದ್ದು ನಿಲ್ಲಲು ಒತ್ತಾಸೆಯಾದವರಲ್ಲಿ ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರೂ ಇದ್ದರು, ವಿಜ್ಞಾನಿ ಹೋಮಿ ಭಾಭಾ ಅವರೂ ಇದ್ದರು. ಅಲ್ಲಿ ಗೋಡೆಗಾಗಿ ವರ್ಷಗಟ್ಟಲೆ ಕಾಯಬೇಕು, ದೂರುಗಳು ಬೇಕಾದಷ್ಟಿವೆ. ಆದರೂ ಕಾಲಾ ಘೋಡಾದ ಫುಟ್‌ಪಾತಿನಲ್ಲಿ ನಡೆಯುವ ಗುಮಾಸ್ತ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಳಹೊಕ್ಕು ಒಂದು ಸುತ್ತು ಹಾಕಿ ಬರುತ್ತಾನೆ. ಯಾರೂ ಅವನನ್ನು ಕರೆದದ್ದಲ್ಲ, ಅದು ಅಭ್ಯಾಸವಾಗಿದೆ. ನಾಲ್ಕಾರು ದಶಕ ಒಂದೇ ಬಾಗಿಲು ತೆರೆದಿಟ್ಟರೆ ಬೆಳೆಯುವ ಅಭ್ಯಾಸ.

ಇಲ್ಲಿ 2016ರ ಜಗಳಕ್ಕೆ ಬರಬೇಕು. ಅದಕ್ಕೂ ಹಿಂದಿನ ವರ್ಷ ರಾಜ್ಯದ ಪ್ರವಾಸೋದ್ಯಮ ಇಲಾಖೆ, ಪ್ರವಾಸಿ ತಾಣಗಳನ್ನು ದತ್ತು ಕೊಡುವ ತನ್ನ ಯೋಜನೆಯಡಿ ವೆಂಕಟಪ್ಪ ಚಿತ್ರಶಾಲೆಯನ್ನು ಅಭಿವೃದ್ಧಿಪಡಿಸಿ ನಡೆಸಲು ಒಂದು ಖಾಸಗಿ ಪ್ರತಿಷ್ಠಾನದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಸುದ್ದಿ ತಿಳಿದ ಕಲಾವಿದರು ಬೀದಿಗಿಳಿದರು. ವೇದಿಕೆ ಕಟ್ಟಿಕೊಂಡು, ಗ್ಯಾಲರಿಯ ಆವರಣದಲ್ಲೇ ಚಿತ್ರ ಬರೆದು, ಹಾಡಿ, ಮಾತಾಡಿ ಪ್ರತಿಭಟಿಸಿದರು. ಸರ್ಕಾರ ಕೊನೆಗೆ ಹಿಂದೆ ಸರಿಯಿತು. ಒಪ್ಪಂದ ಮಾಡಿಕೊಂಡಿದ್ದವರು ಅದೇ ಕಸ್ತೂರಬಾ ರಸ್ತೆಯಲ್ಲಿ ತಮ್ಮದೇ ನಿವೇಶನದಲ್ಲಿ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ ಕಟ್ಟಿದರು. ಉಕ್ಕಿನ ನೀರಿನ ಟ್ಯಾಂಕನ್ನು ನೆನಪಿಸುವ ಐದಂತಸ್ತಿನ ಆ ಕಟ್ಟಡ 2023ರ ಫೆಬ್ರುವರಿಯಲ್ಲಿ ಜನರಿಗೆ ತೆರೆಯಿತು. ಈಗ ಊರಿಗೆ ಅದೂ ಇದೆ, ಇದೂ ಇದೆ. ಈ ಮಟ್ಟಿಗೆ ಆ ಪ್ರತಿಭಟನೆ ಎರಡೂ ಕಡೆಯವರಿಗೆ ಉಪಕಾರವನ್ನೇ ಮಾಡಿತು.

ನಾನು ಪ್ರತಿಭಟನೆಯ ಪರವಾಗಿದ್ದೆ, ಈಗಲೂ ಇದ್ದೇನೆ. ಸರ್ಕಾರಿ ಆಸ್ತಿಯನ್ನು, ಅದೂ ಒಬ್ಬ ಕಲಾವಿದನ ಜೀವಮಾನದ ಕೆಲಸ ತುಂಬಿರುವ ಮನೆಯನ್ನು, ಕಲಾವಿದರನ್ನು ಒಂದು ಮಾತೂ ಕೇಳದೆ ಪ್ರವಾಸಿ ತಾಣವೆಂದು ಬಗೆದು ಒಪ್ಪಿಸುವುದು ತಪ್ಪು. ಆದರೆ ಆ ದಿನಗಳ ಭಾಷಣಗಳನ್ನು ಈಗ ನೆನೆದರೆ ಒಂದು ವಿಚಿತ್ರ ಹೊಳೆಯುತ್ತದೆ. ಒಪ್ಪಂದದ ಪರ ಇದ್ದವರು ಸಾರ್ವಜನಿಕರು ಎಂದಾಗ ಅವರ ಮನಸ್ಸಿನಲ್ಲಿದ್ದದ್ದು ಪ್ರವಾಸಿ: ಟಿಕೆಟ್ ಕೊಂಡು, ಕೆಫೆಯಲ್ಲಿ ಕಾಫಿ ಕುಡಿದು, ಫೋಟೊ ತೆಗೆಸಿಕೊಂಡು ಹೋಗುವವನು. ವಿರೋಧಿಸಿದ ನಮ್ಮ ಮನಸ್ಸಿನಲ್ಲಿದ್ದದ್ದು ಕಲಾವಿದ: ಗೋಡೆ ಕಳೆದುಕೊಳ್ಳುವವನು. ಪಾಸ್‌ಬುಕ್ ಹಿಡಿದ ಹಿರಿಯರು ಎರಡೂ ಕಡೆಯ ಮಾತಿನಲ್ಲಿ ಬರಲಿಲ್ಲ. ಅವರು ಪ್ರವಾಸಿಯಲ್ಲ, ಈ ಊರಿನವರೇ. ಕಲಾವಿದರೂ ಅಲ್ಲ. ತೆರಿಗೆ ಕಟ್ಟಿ ಆ ಕಟ್ಟಡಕ್ಕೆ ಒಡೆಯರಾದವರು ಮಾತ್ರ. ಗ್ಯಾಲರಿಯನ್ನು ಉಳಿಸಿಕೊಂಡೆವು, ಅವರಿಗಾಗಿ ಏನೂ ಬದಲಿಸಲಿಲ್ಲ.

ಬೇಕಾದರೆ ಗ್ಯಾಲರಿಯ ಪಕ್ಕಕ್ಕೆ ನೋಡಿ. ಒಂದು ಕಡೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ಅದರ ಮುಂದೆ ಶಾಲಾ ಬಸ್ಸುಗಳ ಸಾಲು, ಮಕ್ಕಳ ಗದ್ದಲ. ವಿದ್ಯುತ್ ಎಂದರೇನು ಎಂದು ಆ ಮಕ್ಕಳಿಗಾಗಲಿ ಕರೆತಂದ ಮೇಷ್ಟರಿಗಾಗಲಿ ಪೂರ್ತಿ ಅರ್ಥವಾಗಿದೆಯೇ? ನನಗಂತೂ ಆಗಿಲ್ಲ. ಆದರೂ ಅಲ್ಲಿಂದ ಯಾರೂ ಅವಮಾನಿತರಾಗಿ ಹೊರಬರುವುದಿಲ್ಲ. ಒತ್ತಲು ಒಂದು ಗುಂಡಿ ಇದೆ, ಪಕ್ಕದಲ್ಲಿ ಓದಲು ಒಂದು ಫಲಕ ಇದೆ, ಗುಂಡಿ ಒತ್ತಿದರೆ ದೀಪ ಹೊತ್ತುತ್ತದೆ. ಯಾರೋ ಒಬ್ಬರು ಕೂತು, ಈ ಮಗು ಇಲ್ಲಿ ನಿಂತಾಗ ಅದರ ತಲೆಯಲ್ಲಿ ಯಾವ ಪ್ರಶ್ನೆ ಏಳಬಹುದು ಎಂದು ಯೋಚಿಸಿದ್ದಾರೆ. ಆ ಬಸ್ಸುಗಳಿಗೂ ಚಿತ್ರಶಾಲೆಯ ಬಾಗಿಲಿಗೂ ನಡುವೆ ಇರುವುದು ಕೆಲವು ನಿಮಿಷಗಳ ನಡಿಗೆ.

ಇನ್ನೊಂದು ಕಡೆ ಕೆಂಪು ಬಣ್ಣದ ಸರ್ಕಾರಿ ವಸ್ತುಸಂಗ್ರಹಾಲಯ. ಅದರೊಳಗೆ ಹತ್ತನೇ ಶತಮಾನದ ಆತಕೂರು ವೀರಗಲ್ಲಿದೆ. ಕಾಳಿ ಎಂಬ ಬೇಟೆನಾಯಿ ಹಂದಿಯೊಂದಿಗೆ ಕಾದಾಡಿ ಎರಡೂ ಸತ್ತ ಕಥೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಬೇಡಿದ್ದನ್ನು ಕೇಳು ಎಂದಾಗ ಅವನು ಕೇಳಿ ಪಡೆದದ್ದು ಈ ನಾಯಿಯನ್ನು. ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರು ನಿಂತಿವೆ, ಸುತ್ತ ಕನ್ನಡದಲ್ಲಿ ಆ ಕಥೆ ಕೆತ್ತಿದೆ. ಯಾರು, ಯಾವಾಗ, ಯಾಕೆ ಎಂಬುದನ್ನೆಲ್ಲ ಕೃತಿಯೇ ಹೇಳುತ್ತದೆ. ಲೇಬಲ್ಲು ಕೃತಿಯ ಮೈಮೇಲೆಯೇ ಇರುವ ಪರಂಪರೆ ನಮ್ಮದು. ಅದರಿಂದ ಶಿಲ್ಪದ ಚೆಲುವಿಗೆ ಸಾವಿರ ವರ್ಷದಲ್ಲಿ ಏನೂ ಕುಂದು ಬಂದಿಲ್ಲ. ಪಕ್ಕದ ಕಟ್ಟಡದ ಸಮಕಾಲೀನ ಕಲಾಪ್ರದರ್ಶನಕ್ಕೆ ಹೋದರೆ ಅಂಗೈಯಗಲದ ಚೀಟಿಯಲ್ಲಿ ಇಂಗ್ಲಿಷಿನಲ್ಲಿ 'ಅನ್‌ಟೈಟಲ್ಡ್, ಮಿಕ್ಸೆಡ್ ಮೀಡಿಯಾ' ಎಂದು ಬರೆದಿರುತ್ತದೆ. ಹೆಸರಿಲ್ಲ, ಏನೇನೋ ಕಲಸಿದೆ ಎಂದರ್ಥ. ಇಷ್ಟನ್ನು ತಿಳಿದುಕೊಂಡು ಆ ಹಿರಿಯರು ಏನು ಮಾಡಬೇಕು?

"ಸಮಕಾಲೀನ ಕಲೆ ನಮ್ಮ ಜನರಿಗೆ ಅರ್ಥವಾಗುವುದಿಲ್ಲ" ಎಂಬ ಮಾತನ್ನು ಕಲಾವಿದರೂ ಹೇಳುತ್ತಾರೆ, ಅಧಿಕಾರಿಗಳೂ ಹೇಳುತ್ತಾರೆ, ಜನರೂ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಾರೆ. ನನಗೆ ಇದು ಬಹುಮಟ್ಟಿಗೆ ಸುಳ್ಳೆನಿಸುತ್ತದೆ. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಕಲಿತ ಶೀಲಾ ಗೌಡ ಅವರ 'ಬಿಹೋಲ್ಡ್' ಎಂಬ ಕೃತಿ ಇದೆ. 2009ರದ್ದು, ವೆನಿಸ್‌ನಲ್ಲಿ ಪ್ರದರ್ಶನಗೊಂಡು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಕಾರಿನ ಉಕ್ಕಿನ ಬಂಪರುಗಳು, ಅವನ್ನು ಹಿಡಿದು ನಿಲ್ಲಿಸಿದ ಕೂದಲಿನ ಹಗ್ಗ, ಸುಮಾರು ನಾಲ್ಕು ಕಿಲೋಮೀಟರಿನಷ್ಟು ಉದ್ದದ್ದು. ಹಗ್ಗ ಗೋಡೆಯುದ್ದಕ್ಕೂ ಜೋತು, ನೆಲದ ಮೇಲೆ ಕಪ್ಪು ಸಿಂಬಿಯಾಗಿ ಬಿದ್ದಿರುತ್ತದೆ. ಲಂಡನ್ನಿನ ನೋಡುಗನಿಗೆ ಇದನ್ನು ವಿವರಿಸಲು ಒಂದು ಪುಟ ಬೇಕು: ಭಾರತದಲ್ಲಿ ಜನ ಹರಕೆಗೆ ಮುಡಿ ಕೊಡುತ್ತಾರೆ, ಉದ್ದನೆಯ ಕೂದಲು ವಿದೇಶಕ್ಕೆ ಮಾರಾಟವಾಗುತ್ತದೆ, ಉಳಿದ ಗಿಡ್ಡ ಕೂದಲಿನಿಂದ ಹಗ್ಗ ಹೊಸೆಯುತ್ತಾರೆ, ವಾಹನಕ್ಕೆ ದೃಷ್ಟಿ ತಾಗದಿರಲಿ ಎಂದು ಅದನ್ನು ಬಂಪರಿಗೆ ಕಟ್ಟುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ಮಾರುವವನಿಗೆ ಈ ಪುಟ ಬೇಕಿಲ್ಲ. ಲಾರಿ ಕ್ಲೀನರ್‌ಗೆ ಬೇಕಿಲ್ಲ. ತಿರುಪತಿಗೆ ಹೋಗಿ ತಲೆ ಬೋಳಿಸಿಕೊಂಡು ಬಂದ ನನ್ನ ಚಿಕ್ಕಮ್ಮನಿಗೂ ಬೇಕಿಲ್ಲ. ಭಾರವಾದ ಉಕ್ಕನ್ನು ಕಾಯುವುದು ಯಾರದೋ ತಲೆಯ ಕೂದಲು ಎಂಬ ಆ ಕೃತಿಯ ವಿಚಿತ್ರ ಅವರಿಗೆ ಒಂದೇ ನೋಟಕ್ಕೆ ತಟ್ಟುತ್ತದೆ. ಅವರು ಹೇಳಬಹುದಾದದ್ದನ್ನು ಟೇಟ್‌ನ ವಿದ್ವಾಂಸರು ಕೂತು ಬರೆದುಕೊಳ್ಳಬೇಕು.

ಶೀಲಾ ಗೌಡ ಅವರೇ ತೊಂಬತ್ತರ ದಶಕದ ಆರಂಭದಲ್ಲಿ ಸಗಣಿಯನ್ನು ಕೃತಿಯ ಸಾಮಗ್ರಿಯಾಗಿ ಬಳಸಲು ತೊಡಗಿದರು. ಸಗಣಿಯ ವಾಸನೆ, ಒಣಗಿದಾಗಿನ ಬಿರುಕು, ಅಂಗಳ ಸಾರಿಸುವ ಕೈಯ ಅರ್ಧಚಂದ್ರದ ಗುರುತು, ಗೋಡೆಗೆ ತಟ್ಟಿದ ಬೆರಣಿಯ ಮೇಲಿನ ಬೆರಳಚ್ಚು: ಇವುಗಳಲ್ಲಿ ಪಿಎಚ್‌ಡಿ ಮಾಡಿದಷ್ಟು ಜ್ಞಾನ ಇರುವ ಪ್ರೇಕ್ಷಕರು ನಮ್ಮಲ್ಲಿ ಲಕ್ಷಾಂತರ. ಅವರಿಗೆ ಕೊರತೆಯಿರುವುದು ತಿಳಿವಳಿಕೆಯದ್ದಲ್ಲ. ತಮಗೆ ಗೊತ್ತಿರುವುದೇ ಇಲ್ಲಿ ಕೆಲಸಕ್ಕೆ ಬರುತ್ತದೆ ಎಂಬ ಭರವಸೆ ಅವರಿಗಿಲ್ಲ. ಬಿಳಿ ಗೋಡೆ, ಮೌನ, ಇಂಗ್ಲಿಷ್ ಚೀಟಿ, ಮುಟ್ಟಬೇಡಿ ಎಂಬ ಫಲಕ ಇವೆಲ್ಲ ಸೇರಿ, ನಿನಗೆ ಗೊತ್ತಿರುವುದನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಾ ಎನ್ನುತ್ತವೆ.

ಒಂದು ಜಿಲ್ಲಾ ಕೇಂದ್ರದ ಸರ್ಕಾರಿ ಗ್ಯಾಲರಿ, ಯಾವ ಊರು ಎಂದು ಹೇಳುವುದಿಲ್ಲ. ಕೋಣೆಯ ನಡುವೆ ನೆಲದ ಮೇಲೆ ಮುನ್ನೂರೋ ನಾನೂರೋ ಸ್ಲೇಟುಗಳನ್ನು ಹೊಲದ ಸಾಲಿನಂತೆ ನಿಲ್ಲಿಸಿದ್ದರು. ಹೆಸರಿಲ್ಲ, ಚೀಟಿಯಿಲ್ಲ, ಕಲಾವಿದನೂ ಊಟಕ್ಕೆ ಹೋಗಿದ್ದ. ಒಂದು ಸುತ್ತು ಹಾಕಿ, ಏನೋ ಹೊಳೆದಂತಾಗಿ, ಏನೂ ಹೊಳೆಯದೆ ಹೊರಡಲಿದ್ದೆ. ಮೂಲೆಯಲ್ಲಿ ಕೂತಿದ್ದ ಅಟೆಂಡರ್ ಎದ್ದು ಬಂದರು. "ಅವು ಖರೇವಂದ್ರ ಸಾಲಿ ಪಾಟೀನೇರೀ ಸರ. ಆ ಹುಡುಗ ತಮ್ಮೂರಾಗ ಬಂದ್ ಆದ ಸಾಲಿಯಿಂದ ಚೀಲದಾಗ ಹೊತ್ಕೊಂಡ ಬಂದಾನ. ಕೆಲವೊಂದರ ಮ್ಯಾಲೆ ಹುಡುಗರ ಹೆಸರು ಇನ್ನೂ ಅದಾವ, ಬಗ್ಗಿ ನೋಡ್ರಿ. ಎರಡ ಒಡದಾವ. ನಾ ಏನ್ ಒಡದಿಲ್ಲ ಮತ್ತ." ಬಗ್ಗಿದೆ. ಇದ್ದವು. ವಾರವಿಡೀ ಆ ಪಾಟಿಗಳ ಸುತ್ತ ಹುಷಾರಾಗಿ ಕಸ ಗುಡಿಸಿದ ಮನುಷ್ಯ ಅದರ ಬಗ್ಗೆ ನನಗಿಂತ, ಬಹುಶಃ ಉದ್ಘಾಟಿಸಿದ ಅತಿಥಿಗಳಿಗಿಂತ, ಹೆಚ್ಚು ತಿಳಿದಿದ್ದರು. ಅವರ ಆ ನಾಲ್ಕು ವಾಕ್ಯಗಳನ್ನು ಹಾಗೆಹಾಗೇ ಬರೆದು ಗೋಡೆಗೆ ಅಂಟಿಸಿದ್ದರೆ ಸಾಕಿತ್ತು. ಒಡೆದ ಎರಡು ಪಾಟಿಗಳ ವಿಷಯವನ್ನೂ ಸೇರಿಸಿ.

ಇದಕ್ಕೆ ಕಲಾವಿದ ಗೆಳೆಯರ ಆಕ್ಷೇಪ ನನಗೆ ಗೊತ್ತು. ವಿವರಿಸಿದರೆ ಕೃತಿ ಸಾಯುತ್ತದೆ, ನೋಡುವವನು ತಾನೇ ಕಂಡುಕೊಳ್ಳಲಿ ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲ ಎನ್ನಲಾರೆ. "ಈ ಕೃತಿ ಆಧುನಿಕ ಮಾನವನ ಏಕಾಕಿತನವನ್ನು ಪ್ರತಿನಿಧಿಸುತ್ತದೆ" ಎಂದು ಬರೆದಂಥ ಚೀಟಿಗಿಂತ ಖಾಲಿ ಗೋಡೆ ಮೇಲು. ಕ್ಯುರೇಟರ್ ಇಂಗ್ಲಿಷಿನಲ್ಲಿ ಬರೆದ ಟಿಪ್ಪಣಿಯನ್ನು ಕಂಪ್ಯೂಟರಿಗೆ ಕೊಟ್ಟು ಕನ್ನಡ ಮಾಡಿಸಿ ಅಂಟಿಸಿದ ಪ್ರದರ್ಶನಗಳನ್ನೂ ಓದಿ ನೊಂದಿದ್ದೇನೆ. ಆದರೆ ಅರ್ಥ ಹೇಳುವುದು ಬೇರೆ, ಸಂಗತಿ ಹೇಳುವುದು ಬೇರೆ. ಸಂಗೀತ ಕಛೇರಿಯಲ್ಲಿ ಗಾಯಕ ರಾಗ, ತಾಳ, ರಚಿಸಿದವರ ಹೆಸರು ಹೇಳಿ ಹಾಡಲು ತೊಡಗಿದರೆ ರಾಗ ಸತ್ತುಹೋಗುತ್ತದೆಯೆ? ಯಕ್ಷಗಾನ ನೋಡಲು ಬಂದವನಿಗೆ ಪ್ರಸಂಗ ಮೊದಲೇ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಅರ್ಥಧಾರಿ ಅದನ್ನು ಎತ್ತ ತಿರುಗಿಸುತ್ತಾನೆ ಎಂದು ಬೆಳಗಿನ ತನಕ ನಿದ್ದೆಗೆಟ್ಟು ಕಾಯುತ್ತಾನೆ. ಇದು ಯಾವುದರಿಂದ ಆಗಿದೆ, ಎಲ್ಲಿಂದ ತಂದದ್ದು, ಎಷ್ಟು ದಿನ ಹಿಡಿಯಿತು, ಮಾಡುವಾಗ ಎಲ್ಲಿ ಕೈಕೊಟ್ಟಿತು: ಇಷ್ಟನ್ನು ಹೇಳಿದರೆ ಉಳಿದದ್ದನ್ನು ನೋಡುಗ ತಾನೇ ಮಾಡಿಕೊಳ್ಳುತ್ತಾನೆ.

ಇದು ಕನ್ನಡದಲ್ಲಿ ಆಗದ ಕೆಲಸವೂ ಅಲ್ಲ. ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದದ್ದು ಸ್ವಾತಂತ್ರ್ಯಕ್ಕೂ ಮೊದಲು. ಎಪ್ಪತ್ತರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ಮತ್ತು ನೀನಾಸಂ ಬಳಗ ಹೆಗ್ಗೋಡಿನಂಥ ಹಳ್ಳಿಯಲ್ಲಿ ಕುರೊಸಾವ, ಡಿ ಸಿಕಾ, ಸತ್ಯಜಿತ್ ರಾಯ್ ಸಿನಿಮಾಗಳನ್ನು ತೋರಿಸಲು ಹೊರಟಾಗ, ಅಡಿಕೆ ತೋಟದವರಿಗೆ ಜಪಾನಿ ಸಿನಿಮಾ ಯಾಕೆ ಎಂದು ಕೇಳಿದವರಿದ್ದರು. ಸುಬ್ಬಣ್ಣ ಸಿನಿಮಾವನ್ನು ತೆಳು ಮಾಡಲಿಲ್ಲ, ಜನರನ್ನೂ ದಡ್ಡರೆಂದು ಬಗೆಯಲಿಲ್ಲ. ನಡುವೆ ಕನ್ನಡದ ಒಂದು ಮಾತಿಟ್ಟರು. ಪುಸ್ತಕ ಮಾಡಿಸಿದರು, ಶಿಬಿರ ನಡೆಸಿದರು, ನೋಡಿದ ಮೇಲೆ ಕೂತು ಮಾತಾಡಿಸಿದರು. ನಾಟಕಕ್ಕೆ, ಸಿನಿಮಾಕ್ಕೆ, ಸಾಹಿತ್ಯಕ್ಕೆ ಕನ್ನಡದಲ್ಲಿ ಇಂಥ ನಡುಮಾತು ಹುಟ್ಟಿತು. ದೃಶ್ಯಕಲೆಗೆ ಅದು ಆ ಪ್ರಮಾಣದಲ್ಲಿ ಹುಟ್ಟಲಿಲ್ಲ. ಕನ್ನಡದಲ್ಲಿ ಕಲೆಯ ಬಗ್ಗೆ ಚೆನ್ನಾಗಿ ಬರೆಯುವ ಕಲಾವಿದರೂ ವಿಮರ್ಶಕರೂ ನಮ್ಮಲ್ಲಿದ್ದಾರೆ. ಅವರ ಬರಹ ಪುಸ್ತಕದಲ್ಲಿದೆ, ಗೋಡೆಯ ಮೇಲಿಲ್ಲ. ಗೋಡೆಗೂ ಪುಸ್ತಕಕ್ಕೂ ನಡುವಿನ ಆ ಕೆಲಸ ಮಾಡಬೇಕಾದದ್ದು ಸಾರ್ವಜನಿಕ ಗ್ಯಾಲರಿ. ಖಾಸಗಿಯವರಿಗೆ ಕೊಳ್ಳುವವನ ಭಾಷೆ ಸಾಕು, ಅದು ಇಂಗ್ಲಿಷ್. ನೋಡಿ ಸುಮ್ಮನೆ ಮನೆಗೆ ಹೋಗುವವನ ಭಾಷೆಯ ಚಿಂತೆ ಸರ್ಕಾರಕ್ಕಲ್ಲದೆ ಇನ್ಯಾರಿಗಿರಬೇಕು?

ಇದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಹೊಸ ಕಟ್ಟಡ, ಅಮೃತಶಿಲೆಯ ನೆಲ, ಸೆನ್ಸರ್ ದೀಪಗಳ ಮಾತು ಬಂದಾಗಲೆಲ್ಲ ನನಗೆ ಅನುಮಾನ ಶುರುವಾಗುತ್ತದೆ. ನಮ್ಮಲ್ಲಿ ನವೀಕರಣ ಎಂದರೆ ಟೈಲ್ಸ್ ಹಾಕುವುದು. ಗೋಡೆ ಕೊಡುವಾಗಲೇ ಕಲಾವಿದನಿಂದ ಪ್ರತಿ ಕೃತಿಗೆ ಕನ್ನಡದಲ್ಲಿ ಐದು ಸಾಲು ಕೇಳಿ ಪಡೆಯಬಹುದು, ಬರೆಯಲು ಬಾರದವನ ಬಾಯಿಂದ ಕೇಳಿ ಬರೆದುಕೊಳ್ಳಲು ಒಬ್ಬ ವಿದ್ಯಾರ್ಥಿಯನ್ನು ಇಡಬಹುದು. ವರ್ಷದ ಬಹುಪಾಲು ವಾರಗಳು ಸರದಿಗೇ ಇರಲಿ. ಕೆಲವು ವಾರಗಳನ್ನು ಮಾತ್ರ ಆರಿಸಿದ ಪ್ರದರ್ಶನಕ್ಕೆಂದು ತೆಗೆದಿಟ್ಟು, ಆ ವಾರ ರಾಯಚೂರು, ಕಾರವಾರ, ಚಾಮರಾಜನಗರಗಳಿಂದ ಬರುವವರ ಲಾಡ್ಜು, ಲಗೇಜಿನ ಖರ್ಚನ್ನು ಗ್ಯಾಲರಿಯೇ ಭರಿಸಬಹುದು. ಆರಿಸುವ ಸಮಿತಿ ಎಂದೊಡನೆ ಜಾತಿ, ಜಿಲ್ಲೆ, ಗುರುಶಿಷ್ಯ ಪರಂಪರೆಗಳೆಲ್ಲ ಒಳಬರುತ್ತವೆ ಎನ್ನುತ್ತೀರಿ. ಬರುತ್ತವೆ. ಸಮಿತಿ ವರ್ಷಕ್ಕೊಮ್ಮೆ ಬದಲಾದರೆ ಪಕ್ಷಪಾತವಾದರೂ ಬದಲಾಗುತ್ತಿರುತ್ತದೆ.

ವೇಳೆಯ ಮಾತೂ ಇದೆ. ಸರ್ಕಾರಿ ಗ್ಯಾಲರಿಗಳು ಸಾಮಾನ್ಯವಾಗಿ ಕಚೇರಿ ತೆರೆದಾಗ ತೆರೆದು, ಕಚೇರಿ ಮುಚ್ಚಿದಾಗ ಮುಚ್ಚುತ್ತವೆ. ದುಡಿಯುವವನಿಗೆ ಚಿತ್ರ ನೋಡಲು ಬಿಡುವಾಗುವ ಹೊತ್ತಿಗೆ ಅಟೆಂಡರ್ ಬೀಗದ ಕೈ ಹಿಡಿದು ನಿಂತಿರುತ್ತಾನೆ. ಅವನನ್ನೂ ಬೈಯುವಂತಿಲ್ಲ, ಅವನಿಗೂ ಬಸ್ಸಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ನೆನಪಿನ ಪ್ರಶ್ನೆ. ಭಾನುವಾರ ಸಂಜೆ ಮೊಳೆ ಕಿತ್ತು, ತೂತಿಗೆ ಬಿಳಿ ಮೇಣ ಒತ್ತಿ, ಸೋಮವಾರ ಅಥವಾ ಮಂಗಳವಾರ ಹೊಸಬನ ಚಿತ್ರ ಏರುತ್ತದೆ. ಹಿಂದಿನ ವಾರ ಇಲ್ಲಿ ಏನಿತ್ತು ಎಂಬುದಕ್ಕೆ ಬುಕಿಂಗ್ ರಿಜಿಸ್ಟರಿನ ಒಂದು ಸಾಲು ಬಿಟ್ಟರೆ ಕುರುಹೇ ಇರುವುದಿಲ್ಲ. ಇಂದು ದೇಶವಿದೇಶಗಳಲ್ಲಿ ಹೆಸರಾದ ಕನ್ನಡ ಕಲಾವಿದ ತನ್ನ ಇಪ್ಪತ್ತಮೂರನೇ ವಯಸ್ಸಿನಲ್ಲಿ ಇದೇ ಗೋಡೆಗೆ ಏನು ಹಾಕಿದ್ದ, ಅದು ಎಷ್ಟು ಕೆಟ್ಟದಾಗಿತ್ತು ಎಂದು ಇಂದಿನ ವಿದ್ಯಾರ್ಥಿಗೆ ತಿಳಿಯುವ ದಾರಿಯಿಲ್ಲ. ತಿಳಿದರೆ ಅವನಿಗೆ ಎಷ್ಟು ಧೈರ್ಯ ಬರುತ್ತಿತ್ತು. ಪ್ರತಿ ಪ್ರದರ್ಶನದ ಒಂದು ಆಹ್ವಾನ ಪತ್ರಿಕೆ, ಹಾಲಿನ ನಾಲ್ಕು ಮೂಲೆಯಿಂದ ನಾಲ್ಕು ಫೋಟೊ, ಬೆಲೆಪಟ್ಟಿಯ ಒಂದು ಪ್ರತಿ. ಇಷ್ಟನ್ನು ಒಂದು ಫೈಲಿಗೆ ಸೇರಿಸುವುದು ಗುಮಾಸ್ತರ ಹತ್ತು ನಿಮಿಷದ ಕೆಲಸ. ಐವತ್ತು ವರ್ಷ ಯಾರಾದರೂ ಅದನ್ನು ತಪ್ಪದೆ ಮಾಡಿದ್ದರೆ ಕರ್ನಾಟಕದ ಸಮಕಾಲೀನ ಕಲೆಯ ಇತಿಹಾಸ ಅರ್ಧ ತಾನಾಗಿಯೇ ಬರೆದುಕೊಂಡಿರುತ್ತಿತ್ತು.

ಅಭಿಪ್ರಾಯ ಪುಸ್ತಕಗಳನ್ನೂ ಆ ಫೈಲಿಗೆ ಸೇರಿಸಬೇಕು. ಅವು ಈಗ ಕಲಾವಿದರ ಮನೆ ಸೇರುತ್ತವೆ. ನನಗೆ ಪರಿಚಯದ ಹಿರಿಯ ಕಲಾವಿದರೊಬ್ಬರ ಅಟ್ಟದಲ್ಲಿ ಅಂಥ ಹನ್ನೊಂದು ಪುಸ್ತಕಗಳಿವೆ. ಮಳೆಗಾಲದ ಒಂದು ಮಧ್ಯಾಹ್ನ ಕೆಳಗಿಳಿಸಿ ಕೂತು ಓದಿದೆವು. ನೂರಕ್ಕೆ ತೊಂಬತ್ತು 'ತುಂಬಾ ಚೆನ್ನಾಗಿದೆ', 'ಶುಭವಾಗಲಿ', 'ಅದ್ಭುತ'. ಸಹ ಕಲಾವಿದರು ಬರೆದವು ಅತಿ ಉದ್ದ, ಅತಿ ಪೊಳ್ಳು. ಒಬ್ಬರು ತಮ್ಮ ಚೀಟಿ ವ್ಯವಹಾರದ ಫೋನ್ ನಂಬರ್ ಬರೆದಿದ್ದರು. ಏಳನೆಯದೋ ಎಂಟನೆಯದೋ ಪುಸ್ತಕದಲ್ಲಿ, ಪೆನ್ಸಿಲಿನಲ್ಲಿ, ಪುಟದ ಗೆರೆ ಬಿಟ್ಟು ಮೇಲೆ ಕೆಳಗೆ ಹತ್ತಿಳಿಯುವ ಅಕ್ಷರಗಳಲ್ಲಿ ಯಾವುದೋ ಮಗು ಬರೆದಿತ್ತು: "ಅಂಕಲ್, ಕಂದು ಕುದುರೆಗೆ ಐದು ಕಾಲು ಇದೆ."

"ಆ ಚಿತ್ರ ಅಷ್ಟು ಹೊತ್ತಿಗೆ ಮೂರು ಕಡೆ ಪ್ರದರ್ಶನಕ್ಕೆ ಹೋಗಿ ಬಂದಿತ್ತು ಕಣ್ರೀ, ವಿಮರ್ಶೆ ಕೂಡ ಬಂದಿತ್ತು" ಎಂದರು ಅವರು. "ಓದಿದ ಕೂಡಲೇ ಎದ್ದು ಹೋಗಿ ಎಣಿಸಿದೆ. ಇತ್ತು."